ಎಡೆಯ ಮೇಲೆ ಕೂತ ನೊಣ

ಮೊನ್ನೆ ನಮ್ಮ ಬೀದಿಯ ತಿರುವಿನಲ್ಲಿ ಹೊಸದಾಗಿ ಹಣ್ಣಿನ ಅಂಗಡಿ ಇಟ್ಟವನೊಬ್ಬ ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಬಾಯಿಗೆ ದಾರ ಬಿಗಿದು, ಬಾಳೆಗೊನೆಯ ಪಕ್ಕ ನೇತುಹಾಕಿದ್ದ. ಬಿಸಿಲು ಬಿದ್ದು ಒಳಗಿನ ನೀರು ಹೊಳೆಯುತ್ತಿತ್ತು. ನೊಣ ಹತ್ತಿರ ಬರದಿರಲಿ ಎಂದು ಹಾಗೆ ಕಟ್ಟುತ್ತಾರೆ. ಅದಕ್ಕೆ ನೊಣ ಹೆದರುತ್ತದೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಾಳೆಹಣ್ಣು ತರಲು ಹೋದವನು ಬರಿಗೈಯಲ್ಲಿ ಮನೆಗೆ ಬಂದುಬಿಟ್ಟೆ...

ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲೂ ಇಂಥವೇ ಮೂರು ಕವರು ತೂಗುತ್ತಿದ್ದವು. ಅದು ಮಟನ್ ಅಂಗಡಿ. ನಡೆಸುತ್ತಿದ್ದವರು ನಮ್ಮ ಬಾಡಿಗೆದಾರರು, ಚಿಕ್ಕಜಾಲದ ಕಡೆಯವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರನ್ನು ನಾನು ಒಂದು ಸಲ ಕೆಡಿಸಿದ್ದು ಸಾಕು.

ಯಲಹಂಕದ ಹಳೇ ಊರಿನಲ್ಲಿ ನಮ್ಮಪ್ಪ ಬಿಟ್ಟುಹೋದ ಜಾಗದಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ರಸ್ತೆಗೆ ಮುಖಮಾಡಿ ಅಂಗಡಿ, ಮೊದಲ ಮಹಡಿಯಲ್ಲಿ ನಾವು, ಅದರ ಮೇಲೆ ಟೆರೇಸು. ಟೆರೇಸಿನ ತುಂಬ ನನ್ನ ಗುಲಾಬಿ ಕುಂಡಗಳು. ಕೆಲಸದಿಂದ ನಿವೃತ್ತನಾದ ಮೇಲೆ ನನಗಿದ್ದವು ಎರಡೇ ಕಸುಬು. ಮೇಲೆ ಗುಲಾಬಿ ನೋಡುವುದು, ಕೆಳಗೆ ಬಾಡಿಗೆದಾರರನ್ನು ನೋಡುವುದು.

ಅವರು ಬಂದ ದಿನದಿಂದಲೂ ನನಗೆ ಅನುಮಾನ. ಕಾರಣ ಕೇಳಿದರೆ ಹೇಳಲಾರೆ. ಬೆಳಗಿನ ಜಾವವೇ ಎದ್ದು, ಮಾಂಸ ಕಡಿಯುವ ಮರದ ಕೊರಡಿಗೆ ಉಪ್ಪು ಹಾಕಿ ಉಜ್ಜಿ, ಬಿಸಿನೀರು ಹೊಯ್ದು, ನೆಲಕ್ಕೆ ಅರಿಸಿನದ ನೀರು ಚಿಮುಕಿಸುತ್ತಿದ್ದರು. ಇಷ್ಟೊಂದು ತೊಳೆಯುವವನು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ನನ್ನ ಲೆಕ್ಕಾಚಾರ. ಮಧ್ಯಾಹ್ನ ವ್ಯಾಪಾರ ಮುಗಿದ ಮೇಲೆ ಮುಚ್ಚಳವಿದ್ದ ಬಕೆಟ್ ಹಿಡಿದು ಹಿಂದಿನ ಖಾಲಿ ಸೈಟಿನ ಕಡೆ ಹೋಗುತ್ತಿದ್ದರು. ಬರುವಾಗ ಬಕೆಟ್ ಖಾಲಿ. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ನಾನು ನೋಡುತ್ತಿದ್ದೆ. ಅಲ್ಲಿ ಅವರು ಉಳಿದ ಚೂರುಪಾರನ್ನು ಬೀದಿನಾಯಿಗಳಿಗೆ ಹಾಕಿ, ತಿಂದು ಬಿಟ್ಟ ಮೂಳೆಗಳನ್ನು ಆರಿಸಿ, ಮರುದಿನ ಕಸದ ಗಾಡಿಗೆ ಕೊಡುತ್ತಿದ್ದರೆಂದು ಎಷ್ಟೋ ದಿನದ ಮೇಲೆ ಪಕ್ಕದ ಮನೆಯವರು ಹೇಳಿದರು. ಆಗ ನಾನು ಕಂಡದ್ದು ಖಾಲಿ ಬಕೆಟ್ ಮಾತ್ರ. ಎದ್ದು ಹೋಗಿ ನೋಡುವಷ್ಟು ದೂರವೂ ಇರಲಿಲ್ಲ...

ಆ ವರ್ಷ ಮಳೆ ಹಿಡಿದುಕೊಂಡಾಗಿನಿಂದ ಮನೆಯಲ್ಲಿ ನೊಣ ಹೆಚ್ಚಿದವು. ಅನ್ನದ ತಟ್ಟೆಯ ಮೇಲೆ, ಹಾಲಿನ ಪಾತ್ರೆಯ ಅಂಚಿನಲ್ಲಿ, ಮಲಗಿದವರ ತುಟಿಯ ಮೇಲೆ. ನನ್ನ ಹೆಂಡತಿ ಫಿನಾಯಿಲ್ ಹಾಕಿ ಒರೆಸಿ ಸೋತಳು. ನಾನು ಮಾತ್ರ ನೊಣ ಕಂಡಾಗಲೆಲ್ಲ ಕೆಳಗಿನ ಅಂಗಡಿಯ ಕಡೆ ನೋಡುತ್ತಿದ್ದೆ.

ಪಿತೃಪಕ್ಷ ಬಂತು. ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ನಮ್ಮಪ್ಪನಿಗೆ ಮಟನ್ ಸಾರು, ನಮ್ಮಮ್ಮನಿಗೆ ಕಡಲೆಬೇಳೆ ಪಾಯಸ. ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ಮಾಂಸ ಕೆಳಗಿನ ಅಂಗಡಿಯದೇ. ಹಬ್ಬಕ್ಕೆಂದು ಅವರೇ ಒಳ್ಳೆಯ ತುಂಡು ಆರಿಸಿ ಕೊಟ್ಟಿದ್ದರು. ಸ್ವಲ್ಪ ಹೊತ್ತಾದ ಮೇಲೆ, ನೆಂಟರೆಲ್ಲ ಹಿಂದೆ ನಿಂತಿರುವಾಗ, ನಾನು ಬಾಗಿಲು ತೆಗೆದೆ.

ಎಲೆ ಕಪ್ಪಗಿತ್ತು. ನಾನು ಕಾಲಿಟ್ಟ ಸದ್ದಿಗೆ ಆ ಕಪ್ಪು ಜುಂಯ್ ಎಂದು ಮೇಲೆದ್ದಿತು. ನಮ್ಮಪ್ಪನ ಫೋಟೋದ ಗಾಜಿನ ಮೇಲೂ ನೊಣ.

ನನ್ನ ಹೆಂಡತಿಯ ತಮ್ಮ ಮೆಲ್ಲಗೆ, "ಭಾವ, ಮಟನ್ ಹಳೇದಿರ್ಬೇಕು ಕಣ್ರೀ. ಇಲ್ದಿದ್ರೆ ಇಷ್ಟೊಂದು ಮುತ್ಕೊಳ್ತಿತ್ತಾ?" ಎಂದ.

ನನಗೆ ಅಷ್ಟೇ ಬೇಕಾಗಿತ್ತು. ಉಟ್ಟ ಪಂಚೆಯಲ್ಲೇ ಕೆಳಗಿಳಿದು ಹೋಗಿ, ಗಿರಾಕಿಗಳ ಮುಂದೆಯೇ ಕೂಗಾಡಿದೆ. ಹಿರಿಯರಿಗೆ ಕೊಳೆತ ಮಾಂಸ ಇಡಿಸಿದಿರಿ ಎಂದೆ. ಅವರು ಕತ್ತಿ ಕೆಳಗಿಟ್ಟು, ಕೈ ತೊಳೆದು, ಏನೂ ಎದುರಾಡದೆ ನನ್ನ ಹಿಂದೆ ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲು ದಾಟಲಿಲ್ಲ. "ಅಕ್ಕಾ, ಒಂದ್ ಗಾಜಿನ ಲೋಟ ಕೊಡಿ" ಎಂದು ನನ್ನ ಹೆಂಡತಿಯನ್ನು ಕೇಳಿದರು. ಬಾಗಿಲ ಚೌಕಟ್ಟಿನ ಮೇಲೆ ಕೂತಿದ್ದ ನೊಣದ ಮೇಲೆ ಲೋಟ ಕವುಚಿ, ಕೆಳಗೊಂದು ಕ್ಯಾಲೆಂಡರ್ ಹಾಳೆ ತೂರಿಸಿ, ಬೆಳಕಿಗೆ ಹಿಡಿದರು.

"ನೋಡಿ ಯಜಮಾನ್ರೇ. ಬೂದಿ ಬಣ್ಣ. ಬೆನ್ ಮ್ಯಾಲೆ ನಾಕ್ ಕರೀ ಗೆರೆ. ಇದು ಮನೆ ನೊಣ. ಮಾಂಸ ಕೆಟ್ರೆ ಬರೋದು ಬ್ಯಾರೆ. ಅದು ದಪ್ಪಗೆ, ಅಸಿರಾಗಿ ಮಿಂಚ್ತದೆ, ಇಲ್ಲಾ ನೀಲಿ. ನಮ್ ಕಸುಬಿನೋರಿಗೆ ಅದೇ ಶತ್ರು. ಅಂಥದ್ದು ಇಲ್ಲಿ ಒಂದಾದ್ರೂ ಕಂಡ್ರಾ?"

"ನೊಣದಲ್ಲೂ ಜಾತಿ ಹುಡುಕ್ತಾ ಇದ್ದೀರಲ್ಲ" ಎಂದ ನನ್ನ ಹೆಂಡತಿಯ ತಮ್ಮ. ನೆಂಟರು ನಕ್ಕರು.

ಅವರೂ ನಕ್ಕರು. "ಊಂ ಅಣ್ಣ. ಬಚ್ಚಲ್ ಗೋಡೆ ಮ್ಯಾಲೆ ಚಿಟ್ಟೆ ಅಂಗೆ ಪುಟ್ಟದು ಕೂತಿರ್ತದಲ್ಲ, ಅದು ಮೋರಿದು. ಕೊಳೆತ ಬಾಳೆಅಣ್ಣಿನ ಮ್ಯಾಲೆ ಆಡೋ ಚೂರು ನೊಣ ಅಣ್ಣಿಂದು. ದನದ ನೊಣ ಕಚ್ತದೆ. ಇದಕ್ಕೆ ಉಳಿ ಬಂದಿರೋ ಕೊಳೆ ಬೇಕು, ಅದ್ರಾಗೇ ಮೊಟ್ಟೆ ಇಡ್ತದೆ. ಮೆಟ್ಲು ಬಾಗ್ಲಿಗೆ ಜಾಲರಿ ಒಡಸ್ಬೋದು, ಸಂಜೆ ಬೇವಿನಸೊಪ್ಪಿನ ಒಗೆ ಆಕ್ಬೋದು, ಅಡುಗೇನ ಮುಚ್ಚಿ ಮಡಗ್ಬೋದು. ಆದ್ರೆ ಉಟ್ಟೋ ಜಾಗ ಮುಚ್ಚದಿದ್ರೆ ಎಲ್ಲಾ ದಂಡ." ಆಮೇಲೆ ಟೆರೇಸಿಗೆ ಹೋಗುವ ಮೆಟ್ಟಿಲ ಕಡೆ ಕತ್ತೆತ್ತಿ ನೋಡಿದರು. "ಇವು ಮ್ಯಾಲಿಂದ ಇಳೀತಾ ಅವೆ ಯಜಮಾನ್ರೇ. ಮ್ಯಾಲೆ ಏನಾದ್ರೂ ಮಡಗಿದ್ದೀರಾ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನೆಂಟರ ಮುಂದೆ ನನ್ನ ಬಾಡಿಗೆದಾರ ನನ್ನ ಮನೆಯನ್ನು ಅನುಮಾನಿಸಿದ ಎಂದಷ್ಟೇ ನನಗೆ ಕೇಳಿಸಿತು.

"ನನ್ ಮನೆ ಮೇಲೆ ಏನಿದೆ ಅಂತ ಕೇಳೋಕೆ ನೀನ್ಯಾವನಯ್ಯಾ?" ಎಂದೆ. ಅಲ್ಲಿಯವರೆಗೆ ಅವರನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟು, "ಆಯ್ತು ಬಿಡಿ" ಎಂದು ಇಳಿದು ಹೋದರು. ತಿಂಗಳು ಮುಗಿಯುವುದರೊಳಗೆ ಅಂಗಡಿ ಖಾಲಿ ಮಾಡಬೇಕೆಂದು ಸಂಜೆಯೇ ಹೇಳಿ ಕಳಿಸಿದೆ.

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಹಾಲಿನ ಬೂತಿನ ಹತ್ತಿರ, ಕಟಿಂಗ್ ಶಾಪಿನಲ್ಲಿ, ಸಿಕ್ಕವರಿಗೆಲ್ಲ ಎಡೆಯ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಮಾಂಸ ಇನ್ನಷ್ಟು ಹಳೆಯದಾಯಿತು. ಭಾನುವಾರ ರಸ್ತೆಯವರೆಗೆ ನಿಲ್ಲುತ್ತಿದ್ದ ಸಾಲು ನಾಲ್ಕೈದು ಜನಕ್ಕೆ ಇಳಿಯಿತು. ಮಾಂಸದ ವ್ಯಾಪಾರದಲ್ಲಿ ಒಂದು ಸಲ ಹಳೇದು ಎಂಬ ಮಾತು ಹುಟ್ಟಿದರೆ ಮುಗಿಯಿತು. ಊರಿನಲ್ಲಿ ಬೇರೆ ಯಾರೂ ಅವರಿಗೆ ಅಂಗಡಿ ಕೊಡಲಿಲ್ಲ.

ಇನ್ನು ಬರೆಯಬೇಕಾದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೆಂಡತಿಗೂ.

ಅವರು ಖಾಲಿ ಮಾಡಲು ಇನ್ನು ಎರಡು ದಿನವಿತ್ತು. ಬೆಳಿಗ್ಗೆ ಗುಲಾಬಿಗೆ ಗೊಬ್ಬರ ಹಾಕಲು ಟೆರೇಸಿಗೆ ಹೋದೆ. ಗುಲಾಬಿಗೆ ಕಡಲೆಕಾಯಿ ಹಿಂಡಿಯನ್ನು ನೀರಲ್ಲಿ ನೆನೆಸಿ, ಕೊಳೆಸಿ, ಆ ನೀರನ್ನು ತಿಳಿ ಮಾಡಿ ಹಾಕುವುದು ನನ್ನ ಪದ್ಧತಿ. ನೀರಿನ ಟ್ಯಾಂಕಿನ ಮರೆಯಲ್ಲಿ ಅದಕ್ಕೆಂದೇ ಒಂದು ಡ್ರಮ್ಮಿತ್ತು. ಅದರ ವಾಸನೆ ನನಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ವಾಸನೆ ಎಂದೇ ಅನಿಸುತ್ತಿರಲಿಲ್ಲ. ಮುಚ್ಚಳ ಮಳೆಗಾಲದ ಗಾಳಿಗೆ ಯಾವಾಗಲೋ ಜರುಗಿತ್ತು. ಕೋಲು ಹಾಕಿ ಕಲಕಲು ಬಗ್ಗಿದೆ. ಮೇಲೆ ಕಟ್ಟಿದ್ದ ಕೆನೆ ತಾನಾಗಿಯೇ ಅಲುಗುತ್ತಿತ್ತು. ಬಿಳೀ ಹುಳು, ಒಂದರ ಮೇಲೊಂದು. ಡ್ರಮ್ಮು ವಾಲಿಸಿದರೆ ಅದರಡಿಯ ನೆಲದ ಮೇಲೆ ಗೋಧಿ ಕಾಳಿನಂಥ ಕಂದು ಗೂಡುಗಳು, ಬೊಗಸೆ ಬೊಗಸೆ. ನೋಡುತ್ತಿದ್ದಂತೆಯೇ ಒಂದು ಗೂಡಿನ ತುದಿ ಬಿರಿದು ನೊಣವೊಂದು ಹೊರಗೆ ಬಂತು. ರೆಕ್ಕೆ ಇನ್ನೂ ಮುದುಡಿತ್ತು...

ಕೆಳಗೆ ಕೊರಡಿನ ಮೇಲೆ ಕತ್ತಿ ಬೀಳುವ ಸದ್ದು ಕೇಳುತ್ತಿತ್ತು. ಎರಡು ಮಹಡಿ ಇಳಿದು ಹೋಗಿ ಒಂದು ಮಾತು ಹೇಳಬೇಕಿತ್ತು. ಮೆಟ್ಟಿಲವರೆಗೆ ಹೋದೆ, ನಿಜ. ಆಮೇಲೆ ಹಾಲಿನ ಬೂತಿನವರು ನೆನಪಾದರು, ನೆಂಟರು ನೆನಪಾದರು, ನನ್ನ ಅಪ್ಪನ ಎಡೆಗೆ ಹುಳು ಸಾಕಿದವನು ನಾನೇ ಎಂದು ಒಪ್ಪಬೇಕಾದದ್ದು ನೆನಪಾಯಿತು. ವಾಪಸ್ಸು ಬಂದು, ಹಿಂಡಿಗೆ ಬ್ಲೀಚಿಂಗ್ ಪೌಡರ್ ಸುರಿದು, ಗೂಡುಗಳನ್ನೆಲ್ಲ ಗುಡಿಸಿ ಸುಟ್ಟು, ಡ್ರಮ್ಮು ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಕೈ ನಾಲ್ಕು ಸಲ ತೊಳೆದೆ.

ಮೂರನೆಯ ದಿನ ಅವರು ಹೋದರು. ಗೂಡ್ಸ್ ಆಟೋದಲ್ಲಿ ಕೊರಡು, ತಕ್ಕಡಿ, ಫ್ಯಾನು. ಹೋಗುವಾಗ ಬೀಗದಕೈ ನನ್ನ ಕೈಗೆ ಕೊಟ್ಟು, "ಬತ್ತೀನಿ ಯಜಮಾನ್ರೇ" ಎಂದರು. ಅಂಗಡಿಯೊಳಗೆ ಹೋಗಿ ನೋಡಿದೆ, ಆಗಲೂ ಅನುಮಾನದಿಂದಲೇ. ನೆಲ ತೊಳೆದು ಒಣಗಿತ್ತು.

ಹತ್ತು ದಿನದಲ್ಲಿ ಮನೆಯಲ್ಲಿ ಒಂದು ನೊಣವಿಲ್ಲ. "ನೋಡಿ, ಅವ್ರು ಹೋಗಿದ್ದೇ ತಡ, ನೊಣವೂ ಹೋಯ್ತು ಕಣ್ರೀ" ಎಂದಳು ಹೆಂಡತಿ. ಹಾಲಿನ ಬೂತಿನಲ್ಲೂ ಅದೇ ಮಾತು. ನಾನು ತಲೆಯಾಡಿಸಿದೆ.

ಟಿ. ದಾಸರಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದಾರೆಂದು ಯಾರೋ ಹೇಳಿದ್ದರು. ಇಷ್ಟು ವರ್ಷ ಹೋಗಲಿಲ್ಲ. ಮೊನ್ನೆ ಆ ನೀರಿನ ಕವರು ನೋಡಿದ ಮಾರನೆಯ ದಿನ ಬಸ್ಸು ಹತ್ತಿದೆ. ಅಲ್ಲಿ ಇಲ್ಲಿ ಕೇಳಿಕೊಂಡು ಹೋದರೆ ಕಿರಿದಾದ ಗಲ್ಲಿಯಲ್ಲಿ ಕೋಳಿ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಅವರ ಹೆಂಡತಿ ಕೂತಿದ್ದರು. ನನ್ನನ್ನು ಕೂಡಲೇ ಗುರುತು ಹಿಡಿದು, ಸ್ಟೂಲು ಒರೆಸಿ ಹಾಕಿದರು. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತೆಂದರು. ಮಟನ್ ವ್ಯಾಪಾರ ಮತ್ತೆ ಕೈಗೆ ಹತ್ತಲಿಲ್ಲವಂತೆ.

"ಅವತ್ತಿನ ನೊಣ... ನಿಮ್ಮ ಅಂಗಡಿದಲ್ಲಮ್ಮ. ನಮ್ ಟೆರೇಸಿನ ಮೇಲೆ ಹಿಂಡಿ ಡ್ರಮ್ಮಿತ್ತು" ಎಂದೆ.

"ಅವ್ರಿಗೆ ಗೊತ್ತಿತ್ತು" ಎಂದರು ಆಕೆ. "ಗಾಳಿ ಬೀಸ್ದಾಗ ಹಿಂಡಿ ವಾಸ್ನೆ ಕೆಳಕ್ಕೂ ಬತ್ತಿತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಕೇಳಿದ್ರಂತಲ್ಲ ನಿಮ್ಮನ್ನ."

ಗಿರಾಕಿಯೊಬ್ಬರು ಬಂದರು. ಅರ್ಧ ಕೆ.ಜಿ. ತೂಗಿ ಕೊಟ್ಟು ಕಳಿಸಿ, ಆಕೆ ನನ್ನ ಕಡೆ ತಿರುಗಿದರು.

"ನಿಮಗೆ ಯಾವಾಗ ಗೊತ್ತಾಯ್ತು ಯಜಮಾನ್ರೇ?"

ಅದನ್ನು ಹೇಳಲೆಂದೇ ನಾನು ಅಷ್ಟು ದೂರ ಹೋಗಿದ್ದೆ.

"ನೀವೆಲ್ಲ ಹೋದ್ಮೇಲೆ" ಎಂದೆ.

"ಅಂಗಾದ್ರೆ ನಿಮ್ ತಪ್ಪೇನಿದೆ ಬಿಡಿ" ಎಂದರು ಆಕೆ. "ಗೊತ್ತಿಲ್ದೆ ಆಗಿದ್ದು." ಟೀ ತರಿಸಿದರು. ಕುಡಿದೆ.

ನಿನ್ನೆಯಿಂದ ಇದನ್ನು ಬರೆಯುತ್ತಾ ಕೂತಿದ್ದೇನೆ. ಕೇಳಬೇಕಾದವರು ಇಲ್ಲ, ಕೇಳಿದವರಿಗೆ ಸುಳ್ಳು ಹೇಳಿ ಬಂದೆ. ನನಗೆ ಗೊತ್ತಾದದ್ದು ಅವರು ಹೋಗುವುದಕ್ಕೆ ಎರಡು ದಿನ ಮುಂಚೆ.