ಗಂಜಿ ಬಾರದ ಕುಕ್ಕರ್

ಕೆರೆಬಿಳಚಿಯಲ್ಲಿ ಅನ್ನ ಮಾಡುವವರು ಮನೆಗೊಬ್ಬರಿದ್ದಾರು. ಅನ್ನ ಬಸಿಯುವವಳು ಎಂದರೆ ಕಸ್ತೂರಮ್ಮನೇ. ಗಂಡ ಬೆನಕಪ್ಪನದು ಅಡಿಕೆ ವ್ಯಾಪಾರ. ಮಧ್ಯಾಹ್ನದ ಊಟಕ್ಕೆ ಯಾವ ಊರಿನ ಯಾರು ಬಂದು ಕೂರುತ್ತಾರೋ ಹೇಳಬರುವುದಿಲ್ಲ. ಹಾಗಾಗಿ ಅವಳು ಒಲೆಗೆ ಇಡುವುದು ಯಾವಾಗಲೂ ದೊಡ್ಡ ಪಾತ್ರೆಯೇ. ಅನ್ನ ಹದಕ್ಕೆ ಬಂತೆಂದರೆ ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಮಸಿಬಟ್ಟೆಯಲ್ಲಿ ಎರಡೂ ಕಡೆ ಹಿಡಿದು, ಹಿತ್ತಿಲ ಬಾಗಿಲಿಗೆ ಒಯ್ದು ಬಗ್ಗಿಸುವಳು. ಗಂಜಿ ನೂಲಿನಂತೆ ಕೆಳಗಿಳಿಯುವುದು.

ಕೆಳಗೆ ಬಕೆಟ್ ಹಿಡಿದು ನಿಂತಿರುವವಳು ಓಬವ್ವ. ಆಚೆ ಕೇರಿಯವಳು, ಎಮ್ಮೆ ಕಟ್ಟಿಕೊಂಡವಳು. ಇಬ್ಬರೂ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಇದೇ ನೇಮ: ಇವಳು ಹೊಸ್ತಿಲ ಒಳಗೆ, ಅವಳು ಹೊರಗೆ. ಗಂಜಿ ಇಳಿಯುವಷ್ಟರಲ್ಲಿ ಊರ ಸುದ್ದಿಯೂ ಇಳಿದು ಮುಗಿಯುತ್ತಿತ್ತು. ಬದಲಿಗೆ ಓಬವ್ವ ಹುಣಸೆಹಣ್ಣೋ ಅವರೆಕಾಯೋ ತಂದು ಮೆಟ್ಟಿಲ ಮೇಲಿಡುವಳು. ಹಾಲು ಮಾತ್ರ ಅವಳು ತಂದವಳಲ್ಲ, ಇವಳು ಕೇಳಿದವಳಲ್ಲ. ಡೈರಿಯ ಕ್ಯಾನಿಗೆ ಬಿದ್ದ ಮೇಲೆ ಅದೇ ಎಮ್ಮೆಯ ಹಾಲು ಈ ಮನೆಗೆ ಬರಲು ಯಾರ ಅಡ್ಡಿಯೂ ಇರಲಿಲ್ಲ.

ಹೀಗಿರಲಾಗಿ ಕಸ್ತೂರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೂ ಕೈ ಭಾರ ಹಿಡಿಯದು. ಒಂದು ದಿನ ಪಾತ್ರೆ ವಾಲಿ ಅರ್ಧ ಅನ್ನ ಬಕೆಟ್ಟಿಗೆ ಬಿತ್ತು.

"ನಮ್ಮೆಮ್ಮೆಗೆ ಇವತ್ತು ಹಬ್ಬ ಬಿಡ್ರಿ ಅಮ್ಮಾರೆ!" ಎಂದು ನಕ್ಕ ಓಬವ್ವ, ಗಂಜಿ ಸಿಡಿದು ಕೆಂಪಾದ ಕಸ್ತೂರಮ್ಮನ ಪಾದ ಕಂಡು ಬಕೆಟ್ ಕೆಳಗಿಟ್ಟಳು.

ಮಗಳು ಸಂಧ್ಯಾರಾಣಿ ಚನ್ನಗಿರಿಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಬಂದವಳೇ ಮೊಬೈಲಿನಲ್ಲಿ ಒಂದು ಕುಕ್ಕರ್ ತೋರಿಸಿದಳು. "ಇದು ಅಂಥಿಂಥ ಕುಕ್ಕರಲ್ಲಮ್ಮ. ಹೊಸ ಅಕ್ಕಿಗೆ ಒಂದು ಬಟನ್, ಹಳೇ ಅಕ್ಕಿಗೆ ಒಂದು. ಸಂಜೆವರೆಗೂ ಬಿಸಿ ಆರಲ್ಲ."

ಬೆಲೆ ನೋಡಿ ಬೆನಕಪ್ಪ ಹುಬ್ಬೇರಿಸಿದ. "ಈ ದುಡ್ಡಿಗೆ ಒಂದು ಎಮ್ಮೆಕರ ಬತ್ತೈತಲ್ಲೇ!"

"ಕರ ಅನ್ನ ಮಾಡುತ್ತೇನಪ್ಪ?"

ಕಸ್ತೂರಮ್ಮ ಕೇಳಿದ್ದು ಒಂದೇ. "ಗಂಜಿ?"

"ಗಂಜಿ ಬರಾದೇ ಇಲ್ಲ. ನೀರೆಲ್ಲ ಅನ್ನಾನೇ ಕುಡಿಯುತ್ತೆ."

ಗಂಜಿ ಇಲ್ಲದ ಮನೆಯ ಬಾಗಿಲಿಗೆ ಓಬವ್ವ ಯಾಕೆ ಬಂದಾಳು? ಕುಕ್ಕರ್ ಬಂದರೆ ಕೈಗೆ ಸುಖ. ಆದರೆ ಹಿತ್ತಿಲ ಬಾಗಿಲು ಬಣಬಣ. ಅದರ ಬದಲು ಓಬವ್ವನೇ ಒಳಗೆ ಬಂದು ಬಸಿದರೆ? ಇಷ್ಟು ಸುಲಭದ ಮಾತು ಇಷ್ಟು ವರ್ಷ ತನಗೆ ಹೊಳೆದೇ ಇರಲಿಲ್ಲವೆಂದು ಕಸ್ತೂರಮ್ಮನಿಗೆ ಒಳಗೇ ಚುರುಕ್ಕೆಂದಿತು.

ಮರುದಿನ ಕರೆದಳು. "ಓಬವ್ವ, ಒಳಗೆ ಬಾರೆ. ನೀನೇ ಬಸಿದುಬಿಡು."

ಓಬವ್ವ ಕಾಲು ಕೀಳಲಿಲ್ಲ. "ಇಷ್ಟು ದಿನ ತೆರೀದ ಬಾಗ್ಲು, ಕೈ ನೋಯ್ತು ಅಂತ ಈಗ ತೆರೀತೇನ್ರಿ ಅಮ್ಮಾರೆ?"

"ಹೂಂ ಕಣೆ, ಕೈ ನೋವಿಗೇ ತೆರೆದದ್ದು. ಸುಳ್ಳು ಹೆಂಗೆ ಹೇಳ್ಲಿ?"

"ಹಂಗಾರೆ ಇವತ್ತು ಬರಲ್ಲ. ಕೆಲಸಕ್ಕೆ ಕರೆದ್ರೆ ಅದು ಕೂಲಿ. ಸುಮ್ನೆ ಕರೆದ ದಿನ ಬತ್ತೀನಿ."

ಬಿಸಿಲು ಜಾಸ್ತಿ ಐತೆ ಎಂದಷ್ಟೇ ತಣ್ಣಗೆ ಅದನ್ನು ಹೇಳಿ ಓಬವ್ವ ಖಾಲಿ ಬಕೆಟ್ ತಗೊಂಡು ಹೋದಳು. ಆಮೇಲೆ ಇತ್ತ ಬರಲಿಲ್ಲ. ಆ ದಿನ ಬಸಿಯದ ಅನ್ನ ಅಂಬಲಿಯಾಯಿತು; ಬೆನಕಪ್ಪ ಅದನ್ನೇ ಉಂಡೆದ್ದ.

ಕಸ್ತೂರಮ್ಮನಿಗೆ ಆ ಮಾತು ಎದೆಯಲ್ಲಿ ನಾಟಿತ್ತು. ಬಸಿಯುವ ಪಾತ್ರೆ ಒಲೆಯ ಮೇಲಿರುವ ತನಕ ತಾನು ಹೇಗೆ ಕರೆದರೂ ಅದು ಕೆಲಸದ ಕರೆಯೇ. ಆ ವಾರವೇ ಮಗಳ ಜೊತೆ ಚನ್ನಗಿರಿಯ ಬಸ್ಸು ಹತ್ತಿದಳು. ಅಂಗಡಿಯವನು ಬಟನ್ನುಗಳ ಗುಣಗಾನ ಶುರುಮಾಡಿದರೆ ತಡೆದು ಕೇಳಿದಳು: "ಒಂದು ತೊಟ್ಟೂ ಗಂಜಿ ಬರಲ್ಲ ತಾನೆ?"

"ಒಂದು ತೊಟ್ಟೂ ಇಲ್ಲಮ್ಮ."

"ಹಂಗಾರೆ ಕಟ್ಟಿ ಕೊಡ್ರಿ."

ಮಾರನೆಯ ಮಧ್ಯಾಹ್ನ ಕುಕ್ಕರ್ ಟಿಣ್ ಎನ್ನುತ್ತಲೂ ಕಸ್ತೂರಮ್ಮ ಸೆರಗು ಹೊದ್ದು ಆಚೆ ಕೇರಿಗೆ ನಡೆದಳು. ಓಬವ್ವ ಎಮ್ಮೆಯ ಮೈ ತೊಳೆಯುತ್ತಿದ್ದಳು.

"ಉಣ್ಣಾಕೆ ಬಾ."

"ಏನ್ ಕೆಲ್ಸ ಐತ್ರಿ?"

"ಏನೂ ಇಲ್ಲ ಕಣೆ. ಕುಕ್ಕರ್ ತಂದೀನಿ. ಎತ್ತಾದಿಲ್ಲ, ಬಸಿಯಾದಿಲ್ಲ."

"ಅಯ್ಯೋ, ನಮ್ಮೆಮ್ಮೆ ಬಾಯಿಗೆ ಮಣ್ಣು ಹಾಕಿದ್ರಿ!"

"ಅಕ್ಕಿ ತೊಳೆದ ನೀರು ಇಟ್ಟೀನಿ, ಆಮೇಲೆ ಒಯ್ಯುವಂತೆ. ಈಗ ನೀನು ಬಾ."

ಓಬವ್ವ ಎಮ್ಮೆಯನ್ನು ಗೂಟಕ್ಕೆ ಕಟ್ಟಿದಳು. ಕೈ ತೊಳೆದು ಹೊರಟಳು. ರೂಢಿಯ ಕಾಲು ಹಿತ್ತಿಲ ಕಡೆ ತಿರುಗಿತು. ಕಸ್ತೂರಮ್ಮ ಮೊಣಕೈ ಹಿಡಿದು ಮುಂಬಾಗಿಲಿಗೆ ಎಳೆದಳು. ಪಡಸಾಲೆಯಲ್ಲಿ ಯಾರೋ ವ್ಯಾಪಾರಿಯ ಜೊತೆ ಕೂತಿದ್ದ ಬೆನಕಪ್ಪ ಇಬ್ಬರನ್ನೂ ನೋಡಿದ. ಗಂಟಲು ಸರಿಮಾಡಿಕೊಂಡ. ಕಾಲು ಮಡಚಿ ದಾರಿ ಬಿಟ್ಟ.

ಅಡುಗೆಮನೆಯಲ್ಲಿ ಓಬವ್ವ ಅನ್ನ ಕಲೆಸಿ ಒಂದು ತುತ್ತು ಬಾಯಿಗಿಟ್ಟಳು. ಕಸ್ತೂರಮ್ಮ ಸೌಟು ಹಿಡಿದು ನಿಂತಿದ್ದಳು.

"ನೀರು ಹೆಚ್ಚಾಗೈತ್ರಿ ಅಮ್ಮಾರೆ. ನಾಳೆ ಒಂಚೂರು ಕಮ್ಮಿ ಹಾಕ್ರಿ."

"ಎಷ್ಟು ಹಾಕ್ಬೇಕು ಅಂತ ನಾಳೆ ನೀನೇ ಬಂದು ಹೇಳು."

"ಅಲ್ಲಿಗೆ ಅದೂ ಕೆಲ್ಸಾನೇ ಆಯ್ತಲ್ರಿ!"

ಕಸ್ತೂರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಎಡಗೈಯಲ್ಲಿ ಹೇಗೋ ಸಾವರಿಸಿಕೊಂಡು, ಇನ್ನೊಂದು ಸೌಟು ಅನ್ನ ಅವಳ ತಟ್ಟೆಗೆ ಹಾಕಿದಳು.