ಎತ್ತಿದರೆ ಕೈಗೆ ಬಂದ ಗಾಜಿನ ಬಾಗಿಲು

ಮಕ್ಕಳೇ, ಹಾನುಬಾಳಿಗೆ ಬಂದ ಮರುದಿನ ಬೆಳಿಗ್ಗೆ ಎದ್ದು ಕೂದಲು ಬಿಚ್ಚಿಕೊಂಡು ಕೂತಿದ್ದೆ. ತಲೆ ಎತ್ತಿದರೆ ಕೆಳಗಿನ ರಸ್ತೆಯಲ್ಲಿ ಒಂದು ಜೀಪು ನಿಂತಿತ್ತು. ಅದರ ತುಂಬ ತೋಟದ ಕೆಲಸಕ್ಕೆ ಹೊರಟ ಹೆಂಗಸರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮನೆಯೊಳಗೆ ಕೂತ ನನ್ನನ್ನು! ಒಬ್ಬಳು ಕೈ ಕೂಡ ಬೀಸಿದಳು. ನಾನು ಕಂಬಳಿ ಎಳೆದು ತಲೆತನಕ ಹೊದ್ದುಕೊಂಡೆ. ನಿಮ್ಮ ಅತ್ತೆ ರೇಖಾಳ ಹೊಸ ಮನೆಗೆ ಒಂದು ಕಡೆ ಗೋಡೆಯೇ ಇಲ್ಲವೆಂದು ಆಗ ಗೊತ್ತಾಯಿತು. ನೆಲದಿಂದ ಮೇಲಿನವರೆಗೆ ಬರೀ ಗಾಜು.

ನಮ್ಮೂರು ಮಗ್ಗೆಯಿಂದ ಇಲ್ಲಿಗೆ ಎರಡು ಬಸ್ಸು ಹತ್ತಿದರೆ ಆಯಿತು, ಜಿಲ್ಲೆಯೂ ಒಂದೇ. ಇದನ್ನು ಪರಸ್ಥಳ ಎಂದರೆ ನೀವು ನಗಬಹುದು. ಆದರೆ ನನಗೆ ಹಾಗೇ ಅನಿಸಿತು. ನಮ್ಮ ಮನೆಯ ಬಾಗಿಲು ಹಲಸಿನ ಮರದ್ದು. ಹಗಲೆಲ್ಲ ತೆರೆದೇ ಇರುತ್ತದೆ. ಪಕ್ಕದವರು ಬೀದಿಯಿಂದ ಬಂದು ನಮ್ಮ ಅಡುಗೆಮನೆ ಹಾದು ಹಿತ್ತಲಿಗೆ ಹೋಗುತ್ತಾರೆ, ಹೋಗುತ್ತಾ ಸಾರಿನ ರುಚಿಯನ್ನೂ ನೋಡುತ್ತಾರೆ. ಇಲ್ಲಿ ಗಾಜಿನ ಆಚೆ ಸೂರಿನ ಕೆಳಗೆ ಒಂದು ತೆರೆದ ಜಾಗವಿದೆ, ಅದಕ್ಕೆ ಸಿಟೌಟ್ ಅನ್ನುತ್ತಾರೆ. ನಮ್ಮ ಜಗಲಿ ಇದ್ದ ಹಾಗೆ, ಆದರೆ ಬಂದು ಕೂರುವವರು ಯಾರೂ ಇಲ್ಲ. ಮನೆಯ ಹಿಂದೆ ಕಡಿದಾದ ಮಣ್ಣಿನ ಬರೆ, ಅಂದರೆ ಗುಡ್ಡ ಕಡಿದ ಅಂಚು. ಅದರ ಮೇಲೆ ಕೆಂಪಕ್ಕನ ಪುಟ್ಟ ಕಾಫಿ ತೋಟ ಮತ್ತು ಮನೆ. ಆಕೆ ಅಲ್ಲಿ ಒಂಟಿ. ಮೇಲಿನಿಂದ ಕೂಗಿ ಮಾತಾಡಿಸುತ್ತಿದ್ದಳು. ನನಗೆ ಅಷ್ಟು ಗಟ್ಟಿಯಾಗಿ ಉತ್ತರ ಕೊಡಲು ನಾಚಿಕೆ, ಸುಮ್ಮನೆ ತಲೆಯಾಡಿಸುತ್ತಿದ್ದೆ. ಬೆಳಿಗ್ಗೆ ಮುದ್ದೆಯ ಬದಲು ಅಕ್ಕಿರೊಟ್ಟಿ ತಿನ್ನುವುದು ವಾರದಲ್ಲಿ ಅಭ್ಯಾಸವಾಯಿತು. ಆ ಗಾಜು ಮಾತ್ರ ಆಗಲಿಲ್ಲ.

ನಾನು ಬಂದದ್ದೇ ರೇಖಾಳ ಮಗು ಪುಟ್ಟಿಯನ್ನು ನೋಡಿಕೊಳ್ಳಲು. ರೇಖಾ ಊರಿನ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ನಿಮ್ಮ ಮಾವ ಗಿರೀಶ ತೋಟದಲ್ಲಿರುತ್ತಾರೆ. ಹೊಸ ಜಾಗವೆಂಬ ಹೆದರಿಕೆಗೆ, ಅವರು ಹೊರಟ ತಕ್ಷಣ ನಾನು ಮುಂಬಾಗಿಲಿಗೂ ಹಿಂಬಾಗಿಲಿಗೂ ಒಳಗಿನಿಂದ ಅಗುಳಿ ಹಾಕಿಬಿಡುತ್ತಿದ್ದೆ.

ಕಾಫಿ ಕುಯ್ಲಿನ ಕಾಲ. ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, ಅವರೆಕಾಳು ಒಣಹಾಕಲೆಂದು ಸಿಟೌಟಿಗೆ ಹೋದೆ. ಗಾಜಿನ ಬಾಗಿಲು ಎರಡು ಹಲಗೆಯದು. ಒಂದು ನಿಂತೇ ಇರುತ್ತದೆ, ಇನ್ನೊಂದು ಕೆಳಗಿನ ಕಾಲುವೆಯಂಥ ಹಳಿಯಲ್ಲಿ ಪುಟ್ಟ ಚಕ್ರದ ಮೇಲೆ ಸರಿಯುತ್ತದೆ. ಒಳಗಿದ್ದ ಪುಟ್ಟಿ ಅದನ್ನು ತಳ್ಳಿ ಮುಚ್ಚಿದಳು. ಹಸುಗೂಸು ತಳ್ಳಿದರೂ ಜಾರುವಷ್ಟು ನುಣುಪು. ಟಕ್ ಎಂದು ಚಿಲಕ ತಾನೇ ಬಿತ್ತು. ಬೆರಳಿಟ್ಟು ತೆಗೆಯಲು ಹೊರಗೆ ಏನೂ ಇಲ್ಲ. ಫೋನು ಒಳಗೆ.

ಮೊದಲು ನಗು ಬಂತು. ಪುಟ್ಟಿ ಗಾಜಿಗೆ ಮೂಗು ಒತ್ತಿ ನನ್ನನ್ನು ಅಣಕಿಸುತ್ತಿದ್ದಳು. ಅವಳ ತಲೆಯ ಮೇಲಿಂದ ನೋಡಿದರೆ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಹಾಲು ಏರಿತು, ಉಕ್ಕಿತು, ಒಲೆಯ ಮೇಲೆ ಸುರಿದು ಉರಿ ಆರಿಹೋಯಿತು. ಗ್ಯಾಸಿನ ತಿರುಗಣೆ ಹಾಗೇ ತೆರೆದಿತ್ತು. ಮಕ್ಕಳೇ, ಮರದ ಬಾಗಿಲಾಗಿದ್ದರೆ ನನಗೆ ಇದೊಂದೂ ಕಾಣುತ್ತಿರಲಿಲ್ಲ. ಗಾಜು ಎಲ್ಲವನ್ನೂ ತೋರಿಸಿ, ಕೈಗೆ ಏನನ್ನೂ ಕೊಡದೆ ನಿಂತಿತ್ತು. ನಾನು ಕಿರುಚಿದೆ. ಅಂಥ ಗಂಟಲು ನನಗಿದೆಯೆಂದು ಅವತ್ತೇ ತಿಳಿದದ್ದು.

ಕೆಂಪಕ್ಕ ಹುಲ್ಲು ಕೊಯ್ಯುವ ಕುಡುಗೋಲು ಹಿಡಿದುಕೊಂಡೇ ಬರೆ ಇಳಿದು ಓಡಿಬಂದಳು.

“ಏನಾಯ್ತಕ್ಕಾ? ಹಾವೇನಾದ್ರೂ ಬಂತಾ?”

“ಒಳಗೆ ಮಗು ಐತೆ ಕಣಕ್ಕ! ಹಾಲು ಉಕ್ಕಿ ಉರಿ ಆರೋಗ್ಬುಟ್ಟೈತೆ, ಗ್ಯಾಸ್ ಬತ್ತಾ ಐತೆ!”

“ಕಲ್ಲಲ್ಲಿ ಹೊಡೆದ್ಬುಡಾಣ, ಸರೀರಿ!”

ಕಲ್ಲು ಎತ್ತಿಯೂ ಆಯಿತು. ಆದರೆ ಪುಟ್ಟಿ ಗಾಜು ಬಿಟ್ಟು ಕದಲಲಿಲ್ಲ. ನಾನು ಆ ತುದಿಗೆ ಹೋಗಿ ಕರೆದರೆ ಅಲ್ಲಿಗೆ ಬಂದಳು, ಕೆಂಪಕ್ಕ ಕೈ ಎತ್ತಿದ ಕೂಡಲೇ ಈ ತುದಿಗೆ ಓಡಿದಳು. ಅವಳಿಗೆ ಅದೊಂದು ಆಟ. ಕೆಂಪಕ್ಕ ಕಲ್ಲು ಎಸೆದು, ಕುಡುಗೋಲಿನ ತುದಿಯನ್ನು ಬಾಗಿಲ ಬುಡಕ್ಕೆ ತೂರಿಸಿ ಸಿಟ್ಟಿನಿಂದ ಮೀಟಿದಳು. ಬಾಗಿಲು ಮೇಲಕ್ಕೆ ಹೋಯಿತು. ಬೀಗ ಬಿದ್ದ ಬಾಗಿಲು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಎರಡೂ ಬದಿಗೆ ಕೈ ಹಾಕಿ ಎತ್ತಿದೆವು. ಚಿಲಕ ಕಳಚಿತು, ಚಕ್ರ ಹಳಿ ಬಿಟ್ಟಿತು, ಹಲಗೆ ಪೂರ್ತಿ ನಮ್ಮ ತೋಳಿಗೆ ವಾಲಿತು. ಕೆಂಪಕ್ಕ ಅದನ್ನು ತಡೆದುಕೊಂಡಳು. ನಾನು ನುಗ್ಗಿ ಗ್ಯಾಸು ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಆಟ ನಿಂತಿತೆಂದು ಪುಟ್ಟಿ ಅತ್ತಳು. ನಾವಿಬ್ಬರೂ ಅತ್ತೆವು.

ಸಂಜೆ ಗಿರೀಶ ನಂಬಲಿಲ್ಲ. “ಇಬ್ರು ಅಜ್ಜೀರು ಸೇರ್ಕಂಡು ಲಾಕ್ ಆಗಿರೋ ಬಾಗ್ಲು ಕಿತ್ರಂತೆ! ಲಾಕ್ ಬಿದ್ದಿರಲ್ಲ ಬುಡಿ.”

“ಯಾರಿಗೋ ಅಜ್ಜಿ ಅಂತೀಯ ಮಾರಾಯ?” ಅಂದಳು ಕೆಂಪಕ್ಕ. “ಲಾಕ್ ಹಾಕಿ ಬಾ ಈಚೆಗೆ. ನೀನೇ ಎತ್ತು.”

ಅವರು ಎತ್ತಿದರು. ಒಬ್ಬರಿಗೇ ಬಂತು. ಬಾಗಿಲು ಕೈಯಲ್ಲಿ ಹಿಡಿದುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು.

“ನಮ್ಮನೆ ಮಜ್ಜಿಗೆ ಮಡಕೆ ಮುಚ್ಚಳ ಇದಕ್ಕಿಂತ ಗಟ್ಟಿ ಕಣೋ,” ಅಂದಳು ಕೆಂಪಕ್ಕ. ಯಾರೂ ನಗಲಿಲ್ಲ. ರೇಖಾ ನೆಲದ ಮೇಲೆ ಕೂತುಬಿಟ್ಟಿದ್ದಳು.

“ಕಾಫಿ ಕಾಯಕ್ಕೆ ನೀವು ಕಣದಲ್ಲಿ ಮಲಗ್ದಾಗೆಲ್ಲ ನಾನು ಮಗೀನ ಇಟ್ಕಂಡು ಇದೇ ರೂಮಲ್ಲಿ ಮಲಗ್ತಿದ್ದೆ ಕಣ್ರೀ. ಭದ್ರವಾಗೈತೆ ಅಂತ.”

ಬಾಗಿಲ ಮೇಲೆ ಒಂದು ಸಂದು ಇದ್ದದ್ದರಿಂದಲೇ ಅದು ಎದ್ದದ್ದು. ಮಧ್ಯಾಹ್ನ ಮಗುವನ್ನು ಉಳಿಸಿದ ಆ ಸಂದೇ ಯಾರನ್ನು ಬೇಕಾದರೂ ಒಳಗೆ ಬಿಡುವ ಸಂದು ಎಂದು ನನಗೆ ಆಗ ಹೊಳೆಯಿತು.

ಆ ಸಂದು ಬಂದದ್ದು ಹೇಗೆ ಗೊತ್ತೇ? ಇಲ್ಲಿ ಮಳೆಗಾಲದಲ್ಲಿ ಮರದ ಬಾಗಿಲುಗಳೆಲ್ಲ ಉಬ್ಬಿ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಮೇಲೆ ಬೆರಳು ಹೋಗುವಷ್ಟು ಜಾಗ ಬಿಡುವುದು ರೂಢಿ. ಗಾಜು, ಅಲ್ಯುಮಿನಿಯಂ ಉಬ್ಬುವುದಿಲ್ಲ, ಆದರೂ ಈ ಬಾಗಿಲಿಗೂ ಹಾಗೇ ಬಿಡಿ ಎಂದು ಗಿರೀಶ ಹೇಳಿದ್ದರು. ಬಾಗಿಲು ಕೂರಿಸಿದ, ಮೊದಲು ಮರಗೆಲಸ ಮಾಡುತ್ತಿದ್ದ ಫಿಟ್ಟರನೂ ಸರಿ ಎಂದು ಬಿಟ್ಟಿದ್ದ. ಇಬ್ಬರೂ ಮಳೆಗೆ ಹೆದರಿದರು. ಕಳ್ಳರ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಸಕಲೇಶಪುರದಿಂದ ಅದೇ ಫಿಟ್ಟರ್ ಬಂದ. ಮೇಲಿನ ಸಂದಿಗೆ ಗಟ್ಟಿ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸಿದ, ಇನ್ನು ಬಾಗಿಲು ಮೇಲೇಳುವಂತಿಲ್ಲ. ಚಿಲಕದ ಬದಲು ಚೌಕಟ್ಟಿನೊಳಗೆ ಕೊಕ್ಕೆ ಹಾಕಿ ಕಚ್ಚಿಕೊಳ್ಳುವ ಬೀಗ ಬಂತು, ಅದನ್ನು ಹೊರಗಿನಿಂದಲೂ ಕೀಲಿಯಲ್ಲಿ ತೆಗೆಯಬಹುದು. ಒಡೆದರೂ ಚೂರು ಉದುರದಂತೆ ಗಾಜಿನ ಒಳಮೈಗೆ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿದ. ರಾತ್ರಿ ಹಳಿಯಲ್ಲಿ ಅಡ್ಡ ಮಲಗಿಸಲು ಅಳತೆಗೆ ಕತ್ತರಿಸಿದ ಕೋಲು, ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರದ್ದು. ಎಲ್ಲ ಮುಗಿದ ಮೇಲೆ ಕೆಂಪಕ್ಕನೂ ನಾನೂ ಹೊರಗಿನಿಂದ ಎತ್ತಿ ನೋಡಿದೆವು. ಅಲುಗಲಿಲ್ಲ. ಎಲ್ಲರಿಗೂ ನೆಮ್ಮದಿ. ನನಗೆ ಮಾತ್ರ ಮತ್ತೆ ಹೆದರಿಕೆ. ಪುಟ್ಟಿ ನಾಳೆ ಇನ್ನೊಮ್ಮೆ ಒಳಗೆ ಸಿಕ್ಕಿಕೊಂಡರೆ?

ನಮ್ಮ ಕಡೆ ಅಳಿಯನ ಎದುರು ನಿಂತು ಅತ್ತೆ ಮಾತಾಡುವುದಿಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಿಂದ, ಅದೂ ಮಗಳ ಮೂಲಕ. ಈ ಮನೆಯಲ್ಲಿ ಮರೆ ಎಲ್ಲಿದೆ? ಎದುರೇ ನಿಂತೆ.

“ಗಿರೀಶಪ್ಪ, ಹೊರಗಿಂದ ತೆಗೆಯೋ ಕೀಲಿ ಒಂದು ಕೆಂಪಕ್ಕನ ಹತ್ರ ಇರ್ಲಿ.”

ಅವರು ಬೆಚ್ಚಿ ರೇಖಾಳ ಮುಖ ನೋಡಿದರು. “ಇಷ್ಟೆಲ್ಲ ಭದ್ರ ಮಾಡ್ಸಿ, ಕೀಲಿ ಬೇರೆಯವ್ರಿಗೆ ಕೊಡದಾ ಅತ್ತೆ?”

“ಬೇರೆಯವ್ರು ಅಂತ ಅವತ್ತು ಅವ್ಳು ಬರೆ ಮೇಲೇ ನಿಂತಿದ್ರೆ, ನಿಮ್ಮ ಬಾಗ್ಲು ಭದ್ರವಾಗೇ ಇರ್ತಿತ್ತು. ಮಗು ಇರ್ತಿರ್ಲಿಲ್ಲ.”

ನನ್ನ ಬಾಯಿಂದ ಬಂದ ಮಾತಿಗೆ ನಾನೇ ಗಾಬರಿಯಾದೆ. ಅವರು ಒಳಗೆ ಹೋಗಿ ಕೀಲಿ ತಂದು ನನ್ನ ಕೈಯಲ್ಲಿಟ್ಟರು.

ಬರೆ ಹತ್ತಿ ಹೋಗಿ ಕೊಟ್ಟೆ. ಕೆಂಪಕ್ಕ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನಾನು ಹೊರಟರೆ ತಡೆದು, ತನ್ನ ಮನೆಯ ಇನ್ನೊಂದು ಕೀಲಿ ತೆಗೆದುಕೊಟ್ಟಳು.

“ಇದು ಯಾಕಕ್ಕ?”

“ನಾನು ಒಬ್ಳೇ ಇರೋಳು. ಒಂದಿನ ಬೆಳಗಾದ್ರೂ ಈಚೆಗೆ ಬರ್ಲಿಲ್ಲ ಅಂದ್ರೆ, ಬಂದು ತೆಗೀರಿ.”

ಮಕ್ಕಳೇ, ನಿಮ್ಮಪ್ಪ ವಾರಕ್ಕೊಮ್ಮೆ ಫೋನು ಮಾಡಿ “ಯಾವಾಗ ಬತ್ತೀಯವ್ವ?” ಎಂದು ಕೇಳುತ್ತಾನೆ. ಮಗ್ಗೆಯ ಹಿತ್ತಲು, ಕೇಳದೆ ಒಳಬರುವ ಜನ, ಬಿಸಿಮುದ್ದೆ, ನೀವು, ಎಲ್ಲ ನೆನಪಾಗಿ ಈಗಲೇ ಬಸ್ಸು ಹತ್ತೋಣ ಅನಿಸುತ್ತದೆ. ಮೊದಲೆಲ್ಲ ಪುಟ್ಟಿ ದೊಡ್ಡವಳಾಗಲಿ ಎನ್ನುತ್ತಿದ್ದೆ. ಈಗ, ಕೆಂಪಕ್ಕನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಅನ್ನುತ್ತೇನೆ. ನಿಮ್ಮಪ್ಪನಿಗೆ ಅದು ಅರ್ಥವಾಗಿಲ್ಲ. ಬೆಳಿಗ್ಗೆ ಎದ್ದರೆ ನಾನು ಮೊದಲು ನೋಡುವುದು ಬರೆಯ ಮೇಲಿನ ಕೆಂಪಕ್ಕನ ಬಾಗಿಲನ್ನು. ಅದು ತೆರೆದ ಮೇಲೆಯೇ ನನ್ನ ಒಲೆ ಹೊತ್ತುತ್ತದೆ.