ದೂರಿಲ್ಲದವರಿಗೆ ಸೊನ್ನೆ

ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಕಂಡದ್ದಕ್ಕೆಲ್ಲ ಅಂಕ ಹಾಕುವುದು. ಮದುವೆ ಊಟದ ಹೋಳಿಗೆಗೆ ಇಷ್ಟು, ವಾಡಿ ಜಂಕ್ಷನ್ನಿನ ಚಹಾಕ್ಕೆ ಇಷ್ಟು ಎಂದು ಮನಸ್ಸಿನಲ್ಲೇ ಹಾಕಿಕೊಂಡು ಸುಖವಾಗಿದ್ದೆ. ಹೀಗಿರುವಾಗ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ನಮ್ಮ ಬಡಾವಣೆಯ ಸಮಿತಿಯವರು ಬಂದು ಗೊಬ್ಬರದ ಗುಂಪುಗಳಿಗೆ ಅಂಕ ಹಾಕಿಕೊಡಿ ಎಂದರೆ ಒಲ್ಲೆ ಎನ್ನಲಾದೀತೆ?

ಗೊಬ್ಬರದ ಗುಂಪು ಎಂದರೆ ಮನೆಮನೆಯ ಹಸಿ ಕಸ ಒಯ್ದು, ಗುಂಡಿಯಲ್ಲಿ ಕೊಳೆಸಿ, ಗೊಬ್ಬರ ಮಾಡುವ ಹೆಂಗಸರು. ನಮ್ಮ ಓಣಿಯ ಎಂಟು ಜನರ ಗುಂಪಿಗೆ ಶರಣಮ್ಮ ಮುಂದಾಳು. ಓಣಿಯ ಹಿಂದೆ ಸಮಿತಿಗೆ ಸೇರಿದ ಬಯಲಲ್ಲಿ ಶಹಾಬಾದಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಗುಂಡಿಗಳನ್ನು ತಾವೇ ಕಟ್ಟಿಕೊಂಡಿದ್ದರು. ನಮ್ಮ ಮನೆಯ ಏಕಾದಶಿ ಕೂಡ ಶರಣಮ್ಮನಿಗೆ ಬಾಯಿಪಾಠ. ಅಂದು ಬಾಳೆಸಿಪ್ಪೆಯ ಹೊರತು ಏನೂ ಸಿಗದೆಂದು ಸಣ್ಣ ಬುಟ್ಟಿ ತರುತ್ತಿದ್ದರು. ಪಾಸಾಗದ ಗುಂಪು ಜಾಗ ಖಾಲಿ ಮಾಡಬೇಕು ಎಂಬುದು ಸಮಿತಿಯ ಠರಾವು. ಜಾಗ ಹೋದರೆ ಗುಂಪೇ ಹೋದಂತೆ.

ಸಮಿತಿ ಕೊಟ್ಟ ಫಾರ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಒಂದೇ ಪ್ರಶ್ನೆಗೆ: ಬಂದ ದೂರುಗಳೆಷ್ಟು, ಪರಿಹರಿಸಿದ್ದೆಷ್ಟು? ಪಕ್ಕದ ಓಣಿಯ ಗುಂಪಿನ ಮೇಲೆ ದೂರುಗಳ ರಾಶಿಯೇ ಇತ್ತು. ನಾತ, ನೊಣ, ಮೂರು ದಿನ ಗಾಡಿ ಬರಲಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಸರಿಪಡಿಸಿದ್ದರು, ಆರಾಮಾಗಿ ಪಾಸಾದರು. ಶರಣಮ್ಮನ ಗುಂಪಿನ ಮೇಲೆ ದೂರೇ ಇಲ್ಲ. ದೂರಿಲ್ಲದ್ದಕ್ಕೆ ಪರಿಹಾರವಿಲ್ಲ, ಪರಿಹಾರವಿಲ್ಲದ್ದಕ್ಕೆ ಅಂಕವಿಲ್ಲ. ಸೊನ್ನೆಯನ್ನು ಲೋಕಕ್ಕೆ ಕೊಟ್ಟವರು ನಾವೇ ಎಂದು ತರಗತಿಯಲ್ಲಿ ಎದೆಯುಬ್ಬಿಸುತ್ತಿದ್ದವನು ನಾನು. ಅದೇ ಸೊನ್ನೆಯನ್ನು ಶರಣಮ್ಮನಿಗೆ ಕೊಡಬೇಕಾಗಿ ಬಂದಾಗ ನಿಜಕ್ಕೂ ಸಂಕಟವಾಯಿತು. ಹಿರಿಯರ ಅಳತೆಗಳನ್ನೆಲ್ಲ ನೆನೆದೆ. ಸೇರು, ಪಾವು, ಕೊಳಗ ಎಲ್ಲವೂ ಇರುವುದನ್ನು ಅಳೆಯುವವೇ. ಬಾರದ ನಾತವನ್ನೂ ಕೂರದ ನೊಣವನ್ನೂ ಅಳೆಯುವ ಮಾಪು ಯಾರ ಮನೆಯಲ್ಲೂ ಇದ್ದಂತಿಲ್ಲ.

ಸಮಿತಿಯವರಿಗೆ ಹೇಳಿ ನೋಡಿದೆ. "ಫಾರ್ಮ್ ಹೆಂಗದ ಹಂಗ ತುಂಬ್ರಿ ಸರ" ಎಂದರು. ಶರಣಮ್ಮನಿಗೆ ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟು, "ಇಷ್ಟೇ ಏನ್ರಿ? ನೀವೇ ಒಂದು ದೂರು ಬರೀರಿ ಸರ. ಈಗಿಂದೀಗ ಬಗಿಹರಿಸಿ ಕೊಡ್ತೀವಿ" ಎಂದರು.

ಬರೆಯಲು ಕುಳಿತೆ. ಒಂದು ತಾಸಾದರೂ ಏನೂ ಹೊಳೆಯಲಿಲ್ಲ. ಕಡೆಗೆ, 'ಸದರಿ ಗುಂಪಿನ ಗೊಬ್ಬರ ಹಾಕಿದ್ದರಿಂದ ನಮ್ಮ ಹೀರೇಬಳ್ಳಿ ಗೋಡೆ ಹಾರಿ ಪಕ್ಕದವರ ಅಂಗಳ ಸೇರಿದೆ' ಎಂದು ಬರೆದು ರುಜು ಹಾಕಿದೆ. ಎಂಟೂ ಜನ ಬಂದು ಬಳ್ಳಿಯನ್ನು ಈಚೆಗೆಳೆದು ಕಟ್ಟಿದರು. ಹೋಗುವಾಗ ನಾಲ್ಕು ಹೀರೇಕಾಯಿಯನ್ನೂ ಒಯ್ದರು. ಬಂದ ದೂರು ಒಂದು, ಪರಿಹರಿಸಿದ್ದು ಒಂದು. ಆ ಪ್ರಶ್ನೆಗೆ ಪೂರ್ತಿ ಅಂಕ! ಜಾಗ ಉಳಿಯಿತು.

ಆದರೆ ಆ ಒಂದು ತಾಸು ನನ್ನನ್ನು ಬಿಡಲಿಲ್ಲ. ತಪ್ಪು ಹುಡುಕುತ್ತ ಕುಳಿತಾಗಲೇ ಹೊಳೆದದ್ದು, ಮೂರು ವರ್ಷದಿಂದ ಈ ಹೆಂಗಸರು ನನ್ನ ಬಾಗಿಲಿಗೆ ಬಂದು ಹೋಗುತ್ತಿದ್ದರೂ ನಾನು ಒಂದು ಒಳ್ಳೆಯ ಮಾತು ಆಡಿದವನಲ್ಲ. ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಖರೆ. ನನ್ನ ಬಾಯಿಗೆ ಬೀಗ ಹಾಕಿದವರು ಯಾರು? ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಕಸದ ಬುಟ್ಟಿ ಕೊಡುತ್ತ, ಗಂಟಲು ಸರಿಮಾಡಿಕೊಂಡು, "ಶರಣಮ್ಮ, ಭಾಳ ಛಲೋ ಕೆಲಸ ಮಾಡಾಕತ್ತೀರಿ" ಎಂದೆ.

ಶರಣಮ್ಮ ಗಾಬರಿಯಾಗಿ ಬುಟ್ಟಿ ಕೆಳಗಿಟ್ಟರು. "ಯಾಕ್ರಿ ಸರ, ಏನರ ತಪ್ಪಾಗ್ಯಾದೇನ್ರಿ?"